ಇವರ ಹೆಜ್ಜೆ, ನನ್ನ ವಾಚ್

ಜನವರಿ 5, ಸೋಮವಾರ
ಇವತ್ತೂ ಹೆಜ್ಜೆ ಎಣಿಸುವ ನನ್ನ ವಾಚನ್ನು ಇವರ ಕೈಗೆ ಕಟ್ಟಿ ವಾಕಿಂಗಿಗೆ ಕಳಿಸಿದೆ. ಆರ್.ಕೆ.ಪುರಂ ಕನ್ನಡ ಹೆಂಗಸರ ಗ್ರೂಪಿನಲ್ಲಿ ಹೆಜ್ಜೆ ಸ್ಪರ್ಧೆ. ಈ ಚಳಿಯಲ್ಲಿ ಯಾರು ನಡೆಯುತ್ತಾರೆ? ನಡೆಯುವುದು ಇವರು, ಗೆಲ್ಲುವುದು ನಾನು. ರತ್ನಪ್ರಭಾ ಎರಡನೇ ಸ್ಥಾನಕ್ಕಿಳಿದಳು. ಹಾಲು ಕುಡಿದಷ್ಟು ಸಂತೋಷ.

ಜನವರಿ 8
ಫೋನಿನಲ್ಲಿ ವಾಚಿನ ಆ್ಯಪ್ ತೆರೆದರೆ ಕೆಂಪು ಸೂಚನೆ — ಹೃದಯ ಬಡಿತ ಕ್ರಮವಾಗಿಲ್ಲ, ಡಾಕ್ಟರನ್ನು ನೋಡಿ. ನನಗೆ? ಐವತ್ತೆರಡಕ್ಕೇ? ಲಕ್ಷಣ ಕೇಳುವ ಇನ್ನೊಂದು ಆ್ಯಪ್ ಹಾಕಿಕೊಂಡೆ. ಸುಸ್ತೇ? ಹೌದು. ಮೆಟ್ಟಿಲು ಹತ್ತಿದರೆ ಏದುಸಿರೇ? ಹೌದು. ಹತ್ತು ಕಾಯಿಲೆಗಳ ಪಟ್ಟಿ ಕೊಟ್ಟಿತು. ಓದುತ್ತ ಹೋದಂತೆ ಹತ್ತೂ ಇವೆ ಅನ್ನಿಸಿತು.

ಜನವರಿ 9
ಮತ್ತೆ ಸೂಚನೆ. ಕಾಫಿ ಬಿಟ್ಟೆ. ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೇನೆ... ಮಗಳು ಧಾರಿಣಿಗೆ ರೇಗಿತು. “ಅಮ್ಮಾ, ಬಸ್ ಕರೋ, ಸಾಕು ಮಾಡು. ಫೋನ್ ಇಟ್ಟು ಡಾಕ್ಟರ್ ಹತ್ರ ಹೋಗು.”

ಜನವರಿ 12
ಡಿಸ್ಪೆನ್ಸರಿಯಲ್ಲಿ ಇಸಿಜಿ. ಇವರು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. “ಆಪ್ ಬಿಲ್ಕುಲ್ ಠೀಕ್ ಹೈಂ” ಅಂದರು ಡಾಕ್ಟರ್. ಏನೂ ತೊಂದರೆ ಇಲ್ಲವಂತೆ, ನನಗೆ ನಂಬಿಕೆ ಇಲ್ಲ. ವಾಪಸು ಮನೆಗೆ ಮೆಟ್ಟಿಲು ಹತ್ತುವಾಗ ಇವರು ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಂತರು. “ನಿಧಾನ ಬಾರೇ, ಏನವಸರ?” ನನಗೋಸ್ಕರ ನಿಲ್ಲುತ್ತಾರಲ್ಲ ಅಂತ ಕಣ್ಣು ತುಂಬಿತು.

ಜನವರಿ 16, ಬೆಳಗ್ಗೆ 7.20
ದೊಡ್ಡ ಡಾಕ್ಟರಿಗೆ ತೋರಿಸೋಣವೆಂದು ಸೂಚನೆಗಳನ್ನೆಲ್ಲ ತೆಗೆದು ನೋಡಿದೆ. ಪಕ್ಕದಲ್ಲಿ ಸಮಯವೂ ಇದೆ. 6.10. 6.25. 6.14. ಆ ಹೊತ್ತಿಗೆ ನಾನು ರಜಾಯಿ ಹೊದ್ದು ಮಲಗಿರುತ್ತೇನೆ. ವಾಚ್ ಇರುವುದು — ಇವರ ಕೈಯಲ್ಲಿ.
ಇವರಿಗೆ ಫೋನ್ ಮಾಡಿದೆ. ಇಲ್ಲೇ, ಟೀವಿ ಪಕ್ಕ ರಿಂಗಾಯಿತು.

7.40
ಏಳಕ್ಕೆಲ್ಲ ಬಂದುಬಿಡುವವರು. “ನಾಳೆ ಎರಡು ಸುತ್ತು ಜಾಸ್ತಿ ಹಾಕಿ, ರತ್ನಪ್ರಭಾ ಹತ್ತಿರ ಬಂದಿದ್ದಾಳೆ” — ನಿನ್ನೆ ನಾನೇ ಹೇಳಿದ್ದು. ನಾನೇ. ಧಾರಿಣಿ ಪಾರ್ಕಿಗೆ ಓಡಿದಳು. “ಪಪ್ಪಾ ಬಂದ್ರೆ ಕಾಲ್ ಮಾಡು, ನೀನು ಇಲ್ಲೇ ಇರು.” ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ವಾಚ್ ನಮ್ಮ ಮೆಟ್ಟಿಲ ಹತ್ತಿರ ಬಂದರೆ ಫೋನಿಗೆ ಕನೆಕ್ಟ್ ಆಗುತ್ತದೆ. ದಿನಾ ಅದನ್ನು ನೋಡಿಯೇ ಇವರಿಗೆ ಕಾಫಿಗೆ ಹಾಲಿಡುವುದು. ಈಗ ಕನೆಕ್ಟ್ ಆಗಿಲ್ಲ. ಇನ್ನೂ ಇಲ್ಲ. ರತ್ನಪ್ರಭಾನೇ ಗೆಲ್ಲಲಿ... ಇವರು ಬಂದರೆ ಸಾಕು.

7.52
ಕನೆಕ್ಟ್ ಆಯಿತು. ಹಾಲಿಟ್ಟು ಬಂದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು — ಬೇಗ ಬೇಗ. ಎಲ್ಲೂ ನಿಲ್ಲುತ್ತಿಲ್ಲ. ಇವರಾದರೆ ಪ್ರತಿ ಮಹಡಿಯಲ್ಲೂ ನಿಂತು ಬರುತ್ತಾರೆ. ಇದು ಧಾರಿಣಿಯ ಓಟ, ವಾಚ್ ಅವಳ ಕೈಯಲ್ಲಿ —