ಅವ್ವ ಮುಚ್ಚಿದ ಡಬ್ಬಿ

ಗೋವಿನಕೋವಿ
೨೪-೨-೨೦೨೫

ವಾಣಿಶ್ರೀ ಅಕ್ಕನಿಗೆ ತಂಗಿ ಪುಷ್ಪಾವತಿಯ ನಮಸ್ಕಾರ.

ಅಕ್ಷರ ಸೊಟ್ಟಗಿವೆ, ತಪ್ಪೂ ಇರುತ್ತವೆ, ಬೇಸರಿಸಬೇಡ. ಐದನೇ ತರಗತಿಗೆ ಶಾಲೆ ಬಿಟ್ಟವಳ ಕೈ ಇದು. ನೀನು ಫೋನ್ ಮಾಡಿ ಹದಿನೈದು ದಿನವಾಯಿತು. ನೀನು ಅಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಈಗ ಬರೆಯುತ್ತಿದ್ದೇನೆ.

ನೀನು ಪ್ರಯೋಗಶಾಲೆಯಲ್ಲಿ ಮಾಡುತ್ತಿರುವ ಬ್ಯಾಟರಿಯಲ್ಲಿ ಗಂಧಕ ಕರಗಿ ಹರಿದುಹೋಗುತ್ತದೆ, ಇದ್ದಿಲಿನ ಕಣ್ಣಿಗೆ ಕಾಣದ ತೂತುಗಳಲ್ಲಿ ಅದನ್ನು ಹಿಡಿದಿಡಬೇಕು ಎಂದು ನೀನೇ ಹೇಳಿಕೊಟ್ಟಿದ್ದೆ. ಹೋದ ವರ್ಷ ನೀನು ಮನೆಯಿಂದ ಒಯ್ದ ಇದ್ದಿಲು ಮುನ್ನೂರು ಸಲ ಚಾರ್ಜ್ ಮಾಡಿದರೂ ಹಿಡಿದಿತ್ತು. ಅವ್ವ ತೀರಿಕೊಂಡ ಮೇಲೆ ನಾನು ಸುಟ್ಟು ಕಳಿಸಿದ್ದು ನಲವತ್ತಕ್ಕೇ ಕೈಬಿಟ್ಟಿತು. ಯುಗಾದಿಯೊಳಗೆ ಮತ್ತೆ ಮುನ್ನೂರು ತೋರಿಸದಿದ್ದರೆ ನೀನು ಈ ಕೆಲಸವನ್ನೇ ಬಿಡಬೇಕಂತೆ. 'ಸುಡುವಾಗ ಏನಾದ್ರೂ ಬದಲು ಮಾಡಿದ್ಯೇನೇ?' ಎಂದು ನೀನು ಕೇಳಿದಾಗ ನಾನು ಏನೂ ಇಲ್ಲವೆಂದೆ. ಅದು ಸುಳ್ಳು.

ಮೊದಲಿನದು ಅವ್ವ ಸುಟ್ಟದ್ದು. ನಮಗೆ ಹಲ್ಲುಪುಡಿ ಮಾಡುತ್ತಿದ್ದಳಲ್ಲ, ಹಾಗೆಯೇ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡುಗಳನ್ನು ಒಲೆಬೂದಿಯ ತಿಳಿನೀರಲ್ಲಿ ಎರಡು ದಿನ ನೆನೆಸಿ, ಒಣಗಿಸಿ, ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ ಸುಡುವುದು. 'ಬೂದಿನೀರು ಕುಡಿದ ಇದ್ದಿಲು ಹಗುರಾಗ್ತೈತೆ, ಹಲ್ಲಿಗೆ ಮೆತ್ತಗಿರ್ತೈತೆ' ಅನ್ನುತ್ತಿದ್ದಳು. ನಾವಿಬ್ಬರೂ ಕರಿ ಬಾಯಿ ತೆರೆದು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದದ್ದು ನೆನಪಿದೆಯಾ? ಶಾಲೆಗೆ ಹೊರಟಾಗಲೂ ನಿನ್ನ ತುಟಿಯಂಚಿನಲ್ಲಿ ಕಪ್ಪು ಉಳಿದಿರುತ್ತಿತ್ತು. ಅವ್ವ ಬೀದಿವರೆಗೂ ಓಡಿಬಂದು ಸೆರಗಿನಿಂದ ಒರೆಸುತ್ತಿದ್ದಳು.

ನಾನು ಬೂದಿನೀರು ಬಿಟ್ಟೆ. ದೊಡ್ಡ ಪ್ರಯೋಗಶಾಲೆಗೆ ಹೋಗುವ ಸಾಮಾನಿಗೆ ಒಲೆಯ ಕೊಳೆ ಯಾಕೆಂದು, ಬೆಂಡುಗಳನ್ನು ಬಿಸಿನೀರಲ್ಲಿ ಮೂರು ಸಲ ತೊಳೆದು ಸುಟ್ಟೆ. ಪಕ್ಕದ ಮನೆಯ ಕಸ್ತೂರಮ್ಮ, 'ಅಷ್ಟು ಓದಿ ನಿಮ್ಮಕ್ಕ ಕೊನೆಗೆ ನಿನ್ನನ್ನ ಇದ್ದಿಲು ಸುಡಾಕೆ ಹಚ್ಚಿದ್ಲಾ? ನೀನು ನೋಡಿದ್ರೆ ಅದಕ್ಕೂ ಸ್ನಾನ ಮಾಡಿಸ್ತೀಯ' ಎಂದು ನಕ್ಕಳು. ನಿನ್ನ ಮಾನ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ ಅಕ್ಕ.

ನಿನ್ನೆ ಹೊಸದಾಗಿ ಬೆಂಡುಗಳನ್ನು ಬೂದಿನೀರಿಗೆ ಹಾಕಿದ್ದೇನೆ. ಆದರೆ ಮುನ್ನೂರು ಸಲ ಚಾರ್ಜ್ ಮಾಡಲು ಒಂದು ತಿಂಗಳು ಬೇಕೆಂದು ನೀನು ಹೇಳಿದ್ದೆ. ಇದು ಒಣಗಿ, ಸುಟ್ಟು, ನಿನ್ನ ಕೈಸೇರುವಷ್ಟರಲ್ಲಿ ಹೊತ್ತು ಮೀರುತ್ತದೆ.

ಊಟ ತಪ್ಪಿಸಬೇಡ. ನಿನ್ನ ಕೆಲಸ ಕೈಗೂಡಲಿ. ಅವ್ವನೂ ಇದನ್ನೇ ಹರಸುತ್ತಿದ್ದಳು.

ನಿನ್ನ ತಂಗಿ,
ಪುಷ್ಪಾವತಿ

ಮರೆತು ಬಿಟ್ಟದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು: ಅವ್ವನ ಇದ್ದಿಲು ಮುಗಿಯಿತು ಎಂದದ್ದೂ ಸುಳ್ಳು. ತೀರಿಕೊಳ್ಳುವ ಹಿಂದಿನ ವಾರ ಸುಟ್ಟ ಒಂದು ಡಬ್ಬಿ ಅಟ್ಟದ ಮೇಲಿತ್ತು. ಮುಚ್ಚಳದ ಮಣ್ಣಿನ ತುಂಬ ಅವಳ ಬೆರಳಿನ ಗುರುತು. ಮನೆಯಲ್ಲಿ ಅವಳ ಕೈ ಉಳಿದದ್ದು ಅಲ್ಲಿ ಮಾತ್ರ, ಅದಕ್ಕೇ ಕೊಡಲಿಲ್ಲ. ಇವತ್ತು ಬೆಳಿಗ್ಗೆ ಚಾಕುವಿನ ತುದಿಯಿಂದ ಆ ಮಣ್ಣನ್ನು ಮೆಲ್ಲಗೆ ಬಿಡಿಸಲು ನೋಡಿದೆ. ಒಡೆಯಿತು. ಹೆಬ್ಬೆರಳು ಒತ್ತಿದ ಒಂದು ಚೂರು ನಾನಿಟ್ಟುಕೊಂಡು, ಇದ್ದಿಲನ್ನೆಲ್ಲ ಈ ಕಾಗದದ ಜೊತೆಗೇ ನಿನಗೆ ಕಳಿಸುವ ಚೀಲಕ್ಕೆ ಸುರಿದು ಬಾಯಿ ಹೊಲಿದೆ.