ಕೊಲಂಬೋದ ಗಾಡಿಗೆ ಎಷ್ಟು ಹೇಳಬೇಕು

ಹಲಸೂರು, ಬೆಂಗಳೂರು ದಂಡು
ತಾ. 5ನೇ ಅಕ್ಟೋಬರ್ 1947, ಭಾನುವಾರ

ಪ್ರೀತಿಯ ಗಂಗಕ್ಕನಿಗೆ ತಮ್ಮ ಮುನಿಶಾಮಿಯ ನಮಸ್ಕಾರ.

ನಿನ್ನ ಕಾಲಿನ ಊತ ಇಳಿಯಿತೇ? ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆ, ಈಗ ಬಂದ ಕಾಗದದಲ್ಲಿ ಅದರ ಮಾತೇ ಇಲ್ಲ. ಬರೆದಿಲ್ಲ ಅಂದರೆ ವಾಸಿಯಾಗಿದೆ ಅಂತ ಅಪ್ಪ, ಬರೆದಿಲ್ಲ ಅಂದರೆ ಜಾಸ್ತಿಯಾಗಿದೆ ಅಂತ ಅಮ್ಮ. ಯಾವುದು ಸರಿ ಅಂತ ಒಂದು ಸಾಲು ಬರಿ. ಮಗು ಆದಿಲಕ್ಷ್ಮಿ ಹೇಗಿದ್ದಾಳೆ? ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹಾಕಿಕೊಂಡರು, ಮನೆಗೆ ಬಂದು ನಿನಗೇ ಪಾಠ ಹೇಳುತ್ತಾಳೆ ಅಂತ ಓದಿದಾಗ ಇಲ್ಲಿ ಎಲ್ಲರೂ ನಕ್ಕರು. ನಾವೆಲ್ಲ ಇದ್ದೇವೆ. ಅಪ್ಪನಿಗೆ ಮಂಡಿನೋವು, ಆದರೂ ಬೆಳಗಿನ ಜಾವ ರಸೆಲ್ ಮಾರ್ಕೆಟ್ಟಿಗೆ ಹೋಗಿ ತರಕಾರಿ ಅಂಗಡಿ ತೆಗೆಯುವುದನ್ನು ಬಿಟ್ಟಿಲ್ಲ. ಅಮ್ಮ ಅದೇ ಮಾರ್ಕೆಟ್ಟಿನ ಬಾಗಿಲಲ್ಲಿ ಹೂವು ಮಾರುತ್ತಾಳೆ. ನಾನು ಶಿವಾಜಿನಗರದ ಚಾಂದ್ ಪಾಷಾ ಮೇಸ್ತ್ರಿಯ ಮೋಟಾರು ಶೆಡ್ಡಿನಲ್ಲೇ ಇದ್ದೇನೆ. ಈಗ ಗೇರ್‌ಬಾಕ್ಸು ಬಿಚ್ಚಲು ಬಿಡುತ್ತಾರೆ. ಮೊದಲ ಸಲ ಸ್ಪ್ಯಾನರ್ ಹಿಡಿಯುವುದನ್ನು ಹೇಳಿಕೊಟ್ಟವನು ಭಾವ. ಅವನು ತೀರಿಹೋಗಿ ನಾಲ್ಕು ತಿಂಗಳಾಯಿತು. ಅದರ ಬಗ್ಗೆ ಏನು ಬರೆಯಬೇಕೋ ನನಗೆ ತಿಳಿಯುವುದಿಲ್ಲ, ಅದಕ್ಕೇ ಅವನ ಗಾಡಿಯ ಬಗ್ಗೆ ಬರೆಯುತ್ತೇನೆ.

ಅಪ್ಪ ನನ್ನ ಎದುರಿಗೇ ಚಾಪೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾನೆ. ಹೇಳಿದ್ದನ್ನೆಲ್ಲ ಬರೆದೆಯಾ ಅಂತ ಆಗಾಗ ಕೇಳುತ್ತಾನೆ. ಬರೆದೆ ಅನ್ನುತ್ತೇನೆ. ಓದು ಅಂದರೆ ಅವನು ಹೇಳಿದ್ದಷ್ಟನ್ನೇ ಓದುತ್ತೇನೆ. ಮಗನಿಗೆ ಅಕ್ಷರ ಸಾಕು, ತಕ್ಕಡಿ ಹಿಡಿದರೆ ಸಾಕು ಅಂತ ನನ್ನನ್ನು ಏಳನೇ ಕ್ಲಾಸಿನಿಂದ ಎಬ್ಬಿಸಿಕೊಂಡು ಬಂದವನು ಅವನೇ. ಆ ಅಕ್ಷರ ಈಗ ಅವನ ಎದುರಿಗೇ ಏನು ಬರೆಯುತ್ತಿದೆ ಅಂತ ಅವನಿಗೆ ತಿಳಿಯುವುದಿಲ್ಲ. ನನಗೆ ಇದರಲ್ಲಿ ಸಂತೋಷವೇನೂ ಇಲ್ಲ. ಇರುವುದನ್ನು ಹೇಳಿದೆ.

ಗಾಡಿಯ ವಿಷಯ. ನಿನ್ನ ಮನೆ ಮಾಲೀಕ ಸಾವಿರದ ನೂರು ಕೊಡುತ್ತೇನೆ ಅಂದ, ಒಂಟಿ ಹೆಂಗಸಿನ ಹತ್ತಿರ ಇದಕ್ಕಿಂತ ಜಾಸ್ತಿಗೆ ಯಾರು ಕೊಳ್ಳುತ್ತಾರೆ ಅಂದ, ನಾನು ಎಷ್ಟು ಕೇಳಬೇಕು ಅಂತ ಬರೆದಿದ್ದೀಯ. ಅವನ ಮಾತು ಓದಿ ಕೈಯಲ್ಲಿದ್ದ ಲೋಟ ಗೋಡೆಗೆ ಬೀಸಿದೆ. ಲೋಟ ಸೊಟ್ಟಗಾಯಿತು, ಅವನಿಗೇನೂ ಆಗಲಿಲ್ಲ. ಮಾರನೆಯ ದಿನ ನಿನ್ನ ಕಾಗದವನ್ನೇ ಶೆಡ್ಡಿಗೆ ತೆಗೆದುಕೊಂಡು ಹೋಗಿ, ನೀನು ಬರೆದ ಒಂದೊಂದು ದೂರನ್ನೂ ಮೇಸ್ತ್ರಿಗೆ ಹೇಳಿದೆ. ಮೇಸ್ತ್ರಿ ಬೀಡಿ ಹಚ್ಚಿ ಕೇಳಿದರು. 'ಗಾಡಿ ನೋಡದೆ ಬೆಲೆ ಹೇಳೋದು ಹುಡುಗಿ ನೋಡದೆ ನಿಕಾ ಆದಂಗೆ ಕಣೋ. ನಾನು ಹಂಗೇ ಆದೆ, ಇಪ್ಪತ್ತು ವರ್ಷ ಓಡ್ತಾ ಐತೆ, ಅದು ಬೇರೆ ಮಾತು' ಅಂದರು. ಆಮೇಲೆ ಬೀಡಿ ಎಸೆದು ಸರಿಯಾಗಿ ಲೆಕ್ಕಕ್ಕೆ ಕೂತರು.

ಮೂವತ್ತೆಂಟರ ಆಸ್ಟಿನ್ ಟೆನ್, ಓಡುವ ಸ್ಥಿತಿಯಲ್ಲಿರುವುದು, ಇಲ್ಲಿ ಈಗ ಮೂರು ಸಾವಿರಕ್ಕೆ ಹೋಗುತ್ತಿದೆ. ಹೋದ ವರ್ಷ ದಂಡಿನ ದೊರೆಗಳು ಊರು ಬಿಡುವ ಅವಸರದಲ್ಲಿ ಬಂದಷ್ಟಕ್ಕೆ ಮಾರಿದರು. ಆಗ ಕೊಂಡವರು ಈಗ ಕೂತು ತಿನ್ನುತ್ತಿದ್ದಾರೆ. ನಿನ್ನ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಿಡುತ್ತದೆ, ಓಡುವಾಗಲೂ ಹೊಗೆ ನಿಲ್ಲುವುದಿಲ್ಲ ಅಂತ ಬರೆದಿದ್ದೀಯ. ಅದು ಪಿಸ್ಟನ್ ರಿಂಗು ಸವೆದಿರುವುದು, ಇನ್ನೂರು ಕಳೆ. ಹಿಂದಿನ ಎರಡು ಟೈರು ನುಣ್ಣಗಾಗಿವೆ, ನೂರ ನಲವತ್ತು ಕಳೆ. ಎಡಗಡೆ ಬಾಗಿಲು ಮುಚ್ಚುವುದಿಲ್ಲ ಅನ್ನುವುದಕ್ಕೆ ಯಾರಾದರೂ ನೂರು ಕಳೆದರೆ ಬಿಡಬೇಡ. ಕೀಲಿನ ಪಿನ್ನು ಬದಲಾಯಿಸಿದರೆ ಸರಿಹೋಗುತ್ತದೆ, ಎರಡು ರೂಪಾಯಿ ಕೆಲಸ. ಸಮುದ್ರದ ಊರು, ತುಕ್ಕು ಇರುತ್ತದೆ. ಡ್ರೈವರು ಕಾಲಿಡುವ ಕಡೆ ಮ್ಯಾಟು ಎತ್ತಿ ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡು. ತೂತು ಬಿದ್ದರೆ ನೂರೈವತ್ತು ಹೋಯಿತು, ಬೀಳದಿದ್ದರೆ ಕೊಳ್ಳುವವನ ಎದುರಿಗೇ ಇನ್ನೊಂದು ಸಲ ಒತ್ತಿ ತೋರಿಸು. ಅಲ್ಲಿ ಹಡಗಿನಲ್ಲಿ ಹೊಸ ಗಾಡಿಗಳು ಇಳಿಯುತ್ತಿವೆ ಅಂತಲೂ ಬರೆದಿದ್ದೀಯ. ಹೊಸದು ಬಂದಷ್ಟೂ ಹಳೆಯದು ಇಳಿಯುತ್ತದೆ, ಅದಕ್ಕೆ ಇನ್ನೊಂದು ನೂರೈವತ್ತು. ತುಕ್ಕು ಇದೆ ಅಂತಲೇ ಇಟ್ಟುಕೊಂಡರೂ ಎರಡು ಸಾವಿರದ ಮುನ್ನೂರ ಅರವತ್ತು ನಿಲ್ಲುತ್ತದೆ. ಮಾಲೀಕ ಹೇಳಿದ್ದು ಅದರ ಅರ್ಧವೂ ಅಲ್ಲ.

ಇಷ್ಟಾದ ಮೇಲೆ ಮೇಸ್ತ್ರಿ ನಾನು ಕೇಳದೇ ಇದ್ದ ಒಂದು ಮಾತು ಕೇಳಿದರು. 'ಬಾಡಿಗೆ ಪರ್ಮಿಟ್ ಐತಾ?' ಇದೆ ಅಂದೆ. ಭಾವ ಕೊಲಂಬೋ ಹಾರ್ಬರಿನ ಸ್ಟ್ಯಾಂಡಿನಲ್ಲಿ ಬಾಡಿಗೆಗೇ ತಾನೆ ಓಡಿಸುತ್ತಿದ್ದ. ಮೇಸ್ತ್ರಿ ನನ್ನ ತಲೆಯ ಮೇಲೆ ಒಂದು ತಟ್ಟಿದರು. 'ಏ ಪಾಗಲ್, ಆ ಮಾಲೀಕನಿಗೆ ಬೇಕಾಗಿರೋದು ಗಾಡಿ ಅಲ್ಲ. ಗಾಡಿ ಎಲ್ಲಾದ್ರೂ ಸಿಗುತ್ತೆ, ಆ ಕಾಗದ ಸಿಗಲ್ಲ. ಅದಕ್ಕೇ ಅವನಿಗೆ ಅಷ್ಟು ಅರ್ಜೆಂಟು.' ಇಲ್ಲಿ ಪರ್ಮಿಟ್ ಇರುವ ಗಾಡಿಗೆ ಮುನ್ನೂರು ನಾನೂರು ಜಾಸ್ತಿ. ಅಲ್ಲಿ ಗಂಡನ ಪರ್ಮಿಟ್ಟನ್ನು ಹೆಂಡತಿಯ ಹೆಸರಿಗೆ ಬರೆಸಿಕೊಡುತ್ತಾರೋ ಇಲ್ಲವೋ, ಮೊದಲು ಆಫೀಸಿಗೆ ಹೋಗಿ ಕೇಳು. ಮಾಲೀಕನನ್ನು ಕೇಳಬೇಡ. ಎಲ್ಲ ಸೇರಿಸಿ ನ್ಯಾಯವಾದ ಬೆಲೆ ಎರಡು ಸಾವಿರದ ಏಳುನೂರು. ಮೂರು ಅಂತ ಹೇಳು, ಎರಡೂ ಮುಕ್ಕಾಲಿಗೆ ಬಾ, ಏಳುನೂರರ ಕೆಳಗೆ ಇಳಿಯಬೇಡ. ನಾನು ಎರಡು ದಿನ ಕೂತು ಲೆಕ್ಕ ಹಾಕಿದ್ದೇನೆ. ಮೇಸ್ತ್ರಿ ಒಪ್ಪಿದ್ದಾರೆ. ಇದರಲ್ಲಿ ಮೋಸ ಇಲ್ಲ, ನಿನ್ನ ಕಡೆಗೂ ಇಲ್ಲ, ಕೊಳ್ಳುವವನ ಕಡೆಗೂ ಇಲ್ಲ.

ಅಪ್ಪನ ಲೆಕ್ಕ ಬೇರೆ. ಅವನಿಗೆ ಎಲ್ಲವೂ ಬದನೆಕಾಯಿ. ಬೆಳಗಿನ ರೇಟು, ಮಧ್ಯಾಹ್ನದ ರೇಟು, ಸಂಜೆಯ ರೇಟು. 'ಸಂಜೆ ಆದ್ಮೇಲೆ ಬುಟ್ಟಿ ಮುಂದೆ ಇಟ್ಕೊಂಡು ಕೂತ್ರೆ ಹುಳ ಬೀಳುತ್ತೆ. ಕೇಳಿದ್ ರೇಟಿಗೆ ಸುರಿದು ಎದ್ದು ಬಾ ಅಂತ ಬರಿಯೋ' ಅನ್ನುತ್ತಾನೆ. ಗಾಡಿಗೆ ಹುಳ ಬೀಳುವುದಿಲ್ಲ ಅಂದೆ. 'ಹೆಣ್ಣು ಮಗಳು ಒಬ್ಬಳೇ ಕೂತವ್ಳೆ, ಅದೇ ಹುಳ' ಅಂದ. ಸಾವಿರದ ಐನೂರು ಬಂದರೂ ಮಾರಿ ಬಿಡು, ದಸರಾ ಕಳೆಯುತ್ತಿದ್ದ ಹಾಗೆ ಧನುಷ್ಕೋಟಿಯ ಹಡಗುಕಟ್ಟೆಗೆ ತಾನೇ ಬಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಬರುತ್ತಾನಂತೆ. ಇದು ಅವನು ಬರೆಸಿದ್ದು. ಆ ದುಡ್ಡಿಗೆ ಕೃಷ್ಣರಾಜಪುರದಲ್ಲಿ ರೈಲು ಹಳಿಯ ಪಕ್ಕ ಒಂದು ತುಂಡು ಹೊಲ ನೋಡಿಟ್ಟಿದ್ದಾನೆ, ಬಾವಿ ಇದೆ, ಸೊಪ್ಪು ಬೆಳೆದು ನೇರ ಅಂಗಡಿಗೆ ತರಬಹುದು. ನಿನ್ನ ಹೆಸರಿಗೇ ಬರೆಸುತ್ತಾನಂತೆ. ಇದೂ ಅವನು ಬರೆಸಿದ್ದೇ.

ಯಶೋದತ್ತೆಗೂ ಹೀಗೇ ಹೇಳಿದ್ದ. ನಿನಗೆ ನೆನಪಿರಬೇಕು, ಮಾವ ಸತ್ತ ಮೇಲೆ ಅತ್ತೆ ಗಂಡನ ಮನೆಯಿಂದ ಆರುನೂರು ರೂಪಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅದರಲ್ಲಿ ಹಿಡಿದ ಅಂಗಡಿಯೇ ಈಗಿನ ಅಂಗಡಿ. ಯಾರ ಹೆಸರಿನಲ್ಲಿದೆ ನೀನೇ ಹೇಳು. ಅಪ್ಪ ಕೆಟ್ಟವನಲ್ಲ, ಅತ್ತೆಗೆ ಒಂದು ದಿನವೂ ಊಟಕ್ಕೆ ಕಡಿಮೆ ಮಾಡಿಲ್ಲ. ಆದರೆ ಹನ್ನೊಂದು ವರ್ಷದಿಂದ ಅತ್ತೆ ಎಲೆ ಅಡಿಕೆಗೆ ಕಾಸು ಬೇಕಾದಾಗ ಅಪ್ಪ ಊಟ ಮುಗಿಸಿ ಕೈ ತೊಳೆಯುವವರೆಗೂ ಬಾಗಿಲ ಹಿಂದೆ ನಿಂತಿರುತ್ತಾಳೆ. ಕೇಳುವುದಿಲ್ಲ, ನಿಂತಿರುತ್ತಾಳೆ. ಅಪ್ಪ ಮಾರ್ಕೆಟ್ಟಿನ ಮಾತೆಲ್ಲ ಆಡಿ ಮುಗಿಸಿ ಆಮೇಲೆ ಒಂದಾಣೆ ಕೊಡುತ್ತಾನೆ. ನಿನಗೆ ನಡುಮನೆ ಖಾಲಿ ಮಾಡಿಸಿದ್ದಾರೆ. ಬೆಳಿಗ್ಗೆ ಅಂಗಡಿ ಆಳುಗಳಿಗೆ ಮುದ್ದೆ ತಿರುವುವುದಕ್ಕೆ ಅತ್ತೆಗೆ ಈಗ ಕೈ ಸಾಗುವುದಿಲ್ಲ, ಗಂಗಾ ಬಂದರೆ ಅನುಕೂಲ ಅಂತ ಮಾತಾಡಿಕೊಂಡಿದ್ದಾರೆ. ಆದಿಲಕ್ಷ್ಮಿಯ ಶಾಲೆಯ ಬಗ್ಗೆ ಕೇಳಿದೆ. 'ನಿನ್ನ ಓದ್ಸಿದ್ದಕ್ಕೆ ಏನ್ ಕಿತ್ತು ಗುಡ್ಡೆ ಹಾಕ್ದೆ?' ಅಂದ. ನಾನು ಎದ್ದು ಹೋಗಿ ಬೀದಿ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು ಬಂದೆ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ಎರಡು ಹಾಳೆ ತುಂಬ ಟೈರು ಹೊಗೆ ಬಾಗಿಲು ಅಂತ ಬರೆದಿದ್ದೀಯ, ನೀನು ಅಲ್ಲಿ ಇರಬೇಕು ಅಂತಿದ್ದೀಯೋ ಬರಬೇಕು ಅಂತಿದ್ದೀಯೋ ಒಂದು ಸಾಲೂ ಇಲ್ಲ. ನೀನು ಬೆಲೆ ಕೇಳಿದೆ, ನಾನು ಬೆಲೆ ಹೇಳಿದ್ದೇನೆ.

ಅಪ್ಪ ಓದು ಅಂದ. ಓದಿದೆ. ಚೆನ್ನಾಗಿದೆ ಅಂದ. ಅವನು ಬರೆಸುವ ಕೊನೆಯ ಮಾತು ಇದು: ಚಿರಂಜೀವಿ ಗಂಗಲಕ್ಷ್ಮಿಗೂ ಮೊಮ್ಮಗಳಿಗೂ ತಂದೆ ರಾಮಾಂಜಿನಪ್ಪನ ಆಶೀರ್ವಾದ. ಸೋಮೇಶ್ವರ ನಿಮ್ಮನ್ನು ಕಾಯಲಿ, ಧೈರ್ಯವಾಗಿರು, ಬೇಗ ಬಂದು ಸೇರು. ಹೇಳಿ ಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡ, ಮತ್ತೆ ಮಂಡಿ ತಿಕ್ಕುತ್ತಾ ಕೂತ. ಅದನ್ನು ಬರೆಯದೆ ಬಿಡುವುದು ನ್ಯಾಯವಲ್ಲ ಅಂತ ಬರೆದೆ. ಯಶೋದತ್ತೆ ಮಗುವಿಗೆ ಮುತ್ತು ಹೇಳಿದ್ದಾಳೆ. ಅಮ್ಮ ನಾಳೆಯ ಬುಟ್ಟಿಗೆ ಹೂವು ಕಟ್ಟುತ್ತಿದ್ದಾಳೆ.

ನಿನ್ನ ತಮ್ಮ,
ಮುನಿಶಾಮಿ

ತಾ.ಕ.: ಸೋಮವಾರ ಮಧ್ಯಾಹ್ನ, ಶೆಡ್ಡಿನಲ್ಲಿ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೋ. ನಿನ್ನ ಕಾಗದವನ್ನು ಮನೆಯಲ್ಲಿ ಓದಿದಾಗ ಒಂದು ಸಾಲು ಹಾರಿಸಿದೆ. ಸ್ಟ್ಯಾಂಡಿನ ಮುದುಕ ಡ್ರೈವರು ಒಂದು ತಿಂಗಳಿನಿಂದ ಗಾಡಿ ಓಡಿಸುತ್ತಿದ್ದಾನೆ, ಅವನ ಪಾಲು ಕಳೆದು ದಿನಕ್ಕೆ ಆರು ರೂಪಾಯಿ ತಂದು ಕೊಡುತ್ತಾನೆ ಅಂತ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀಯಲ್ಲ, ಅದು. ಓದಿದ್ದರೆ, ಯಾರೋ ಗಂಡಸಿನ ಜೊತೆ ವ್ಯವಹಾರ ಅಂತ ಅಪ್ಪ ಅವತ್ತೇ ರೈಲು ಹತ್ತುತ್ತಿದ್ದ. ತಿಂಗಳಿಗೆ ಇಪ್ಪತ್ತೈದು ದಿನ ಓಡಿದರೂ ನೂರೈವತ್ತು. ಟೈರು, ಎಣ್ಣೆ, ರಿಪೇರಿಗೆ ನಲವತ್ತು ತೆಗೆದಿಡು. ನೂರ ಹತ್ತು ಉಳಿಯುತ್ತದೆ. ಅಪ್ಪನ ಅಂಗಡಿ ಒಳ್ಳೆಯ ತಿಂಗಳಲ್ಲಿ ಎಂಬತ್ತು ಕಾಣುತ್ತದೆ. ನಾನು ಹಾರಿಸಿದ್ದು ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಮ್ಮನ ಹೂವಿನ ಬುಟ್ಟಿ ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋಗಿ ಇಳಿಸುವಾಗ ಅವಳು ಕೇಳಿದಳು, 'ಅವತ್ತು ನುಂಗ್ಕೊಂಡ್ಯಲ್ಲ, ಏನದು?' ಹೇಳಿದೆ. ಒಂದು ಮಾಲೆ ಕಟ್ಟಿ ಮುಗಿಸಿದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. 'ಗುಡಿಗೆ ಅಂತ ಎತ್ತಿಟ್ಟಿರೋ ಮಲ್ಲಿಗೇನ ದಿನಾ ಯಾರಾದ್ರೂ ಕೇಳ್ತಾರೆ. ಮಾರಲ್ಲ ಅಂದ್ರೆ ಜಗಳಕ್ಕೆ ಬರ್ತಾರೆ, ಬುಟ್ಟಿ ಮುಂದೆ ಇಟ್ಕೊಂಡು ಇಲ್ಲ ಅಂತೀಯಾ ಅಂತ. ನಾನು ಇಲ್ಲ ಅನ್ನಲ್ಲ. ಒಂದಾಣೆ ಮೊಳಕ್ಕೆ ಒಂದ್ ರೂಪಾಯಿ ಅಂತೀನಿ. ಬೈಕೊಂಡು ಅವ್ರೇ ಹೋಗ್ತಾರೆ. ಗಂಗಂಗೆ ಬರಿ, ಮಾರಲ್ಲ ಅಂತ ಯಾರಿಗೂ ಹೇಳ್ಬೇಡ, ನಿಮ್ಮಪ್ಪಂಗೂ ಬೇಡ. ಬೆಲೆ ಹೇಳು.' ಆದ್ದರಿಂದ ಅಕ್ಕ, ಬರಬೇಕು ಅನ್ನಿಸಿದರೆ ಮೇಲೆ ಬರೆದ ನ್ಯಾಯವಾದ ಬೆಲೆ ಕೇಳು, ನಾನೂ ಅಪ್ಪನ ಜೊತೆ ಧನುಷ್ಕೋಟಿಗೆ ಬರುತ್ತೇನೆ. ಇರಬೇಕು ಅನ್ನಿಸಿದರೆ ನಾಲ್ಕೂವರೆ ಸಾವಿರ ಅನ್ನು. ಮಾಲೀಕನಿಗೂ ಅದೇ, ಇಲ್ಲಿಗೆ ಬರೆಯುವಾಗಲೂ ಅದೇ: ನಾಲ್ಕೂವರೆ ಹೇಳಿದ್ದೇನೆ, ಇನ್ನೂ ಯಾರೂ ಬಂದಿಲ್ಲ. ಅಪ್ಪ ಇಳಿಸು ಅಂತ ಬರೆಸುತ್ತಾನೆ. ಬರೆಯುವವನು ನಾನು. ಹಠಕ್ಕೆ ಬಿದ್ದು ಯಾವನಾದರೂ ನಿಜವಾಗಿಯೂ ಅಷ್ಟೂ ತಂದು ಎಣಿಸಿದರೆ ಏನು ಮಾಡುವುದು ಅಂತ ಅಮ್ಮನನ್ನು ಕೇಳಿದೆ. ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದಳು, 'ಅದು ನಿನ್ನೆ ರೇಟು ಅನ್ನು.'