ನಡುಗುವ ಕೈಯ ಪರೀಕ್ಷೆ

ಗದಗ, ಕ್ರಿ.ಶ. ೨೨೧೯
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಪ್ರೀತಿಯ ಇಂದುಮತಿ ಅಜ್ಜಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಅದು ಬಂದದ್ದು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ತಲುಪುವ ದಿನ ನಿಮಗೆ ಮೂವತ್ತೊಂದು ವರ್ಷ, ಬರೆಯುತ್ತಿರುವ ನನಗೆ ಅರವತ್ತು. ಆದರೂ ಏಳು ತಲೆಮಾರಿನ ಹಿಂದಿನ ಅಜ್ಜಿ ನೀವೇ.

ನೀವು ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಯಂತ್ರಗಳ ಸಾಫ್ಟ್‌ವೇರ್ ಪರೀಕ್ಷಿಸುವವರು. ನನ್ನ ಕಸುಬೂ ಅದೇ. ನಾವು ಅದನ್ನು ಒಳಬುದ್ಧಿ ಎನ್ನುತ್ತೇವೆ. ಹೆಸರು ಬದಲಾಗಿದೆ, ಎಡವಟ್ಟು ಬದಲಾಗಿಲ್ಲ. ಬೆಳಿಗ್ಗೆ ಛಾವಣಿಯಲ್ಲಿ ಬೆಳೆದ ಜೋಳದ ರೊಟ್ಟಿ ಕಟ್ಟಿಕೊಂಡು, ಗಾಳಿಯಿಂದ ಓಡುವ ಗಾಳಿಬಂಡಿ ಹತ್ತಿ ಹೆರಿಗೆ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ಮೊದಲು ಬಿಡಿ ಪರೀಕ್ಷೆ, ಅಂದರೆ ಒಳಬುದ್ಧಿಯ ಒಂದೊಂದೇ ತುಣುಕನ್ನು ಬೇರೆಯಾಗಿ ನೋಡುವುದು. ಬಿಡಿಯಾಗಿ ಒಳ್ಳೆಯವರೇ ಆಗಿದ್ದು ಒಂದೇ ಒಲೆಯ ಮುಂದೆ ಜಗಳಕ್ಕೆ ನಿಲ್ಲುವುದು ಅತ್ತೆ-ಸೊಸೆಯರು ಮಾತ್ರವಲ್ಲ, ಈ ತುಣುಕುಗಳೂ ಹಾಗೆಯೇ. ಅದಕ್ಕೆ ಕೂಡಿಕೆ ಪರೀಕ್ಷೆ. ಹಿಂದೆಂದೋ ಸರಿಪಡಿಸಿದ ತಪ್ಪು ಹೊಸ ಬದಲಾವಣೆಯಿಂದ ಮತ್ತೆ ತಲೆ ಎತ್ತಿದೆಯೇ ಎಂದು ತಡವಿ ನೋಡುವುದು ಹಳೆಗಾಯದ ಪರೀಕ್ಷೆ. ಒಂದೇ ದಿನ ನೂರು ಕೂಸು ಹುಟ್ಟಿದರೆ ತಾಳೀತೇ ಎಂದು ತಿಳಿಯಲು ನೂಕುನುಗ್ಗಲಿನ ಪರೀಕ್ಷೆ. ಒಂದು ಜರಡಿಯಲ್ಲಿ ಸೋರಿದ ಅಪಾಯ ಇನ್ನೊಂದರಲ್ಲಿ ಸಿಗುತ್ತದೆ. ಎಲ್ಲದರಲ್ಲೂ ಸೋರಿಹೋಗುವುದೂ ಉಂಟು.

ಹೋದ ತಿಂಗಳು ನನ್ನ ಮಗಳು ಬಸಲಿಂಗಮ್ಮನಿಗೆ ಏಳನೆಯ ತಿಂಗಳಿಗೇ ಹೆರಿಗೆಯಾಯಿತು. ಕೂಸು ನನ್ನ ಎರಡು ಅಂಗೈಗಳಲ್ಲಿ ಹಿಡಿಯುವಷ್ಟಿತ್ತು. ಅದನ್ನು ಹನಿತೊಟ್ಟಿಲಲ್ಲಿ ಮಲಗಿಸಬೇಕಿತ್ತು. ಗುಂಡಿ ಒತ್ತಿದರೆ ಕೂಸಿನ ತೂಕ, ಉಸಿರು ನೋಡಿಕೊಂಡು ಔಷಧ ಕೊಡುವ ತೊಟ್ಟಿಲು ಅದು. ಅದರ ಹೊಸ ಒಳಬುದ್ಧಿ ಎಲ್ಲ ಪರೀಕ್ಷೆಗಳನ್ನೂ ದಾಟಿತ್ತು. ಉಳಿದದ್ದು ಕೊನೆಯ ನಡುಗುವ ಕೈಯ ಪರೀಕ್ಷೆ, ಆಮೇಲೆ ನನ್ನ ಸಹಿ. ಹೆಸರು ಹಾಗಿದ್ದರೂ ಕೈ ನಡುಗಲೇಬೇಕೆಂದಿಲ್ಲ; ಹೊರಗಿನವರೊಬ್ಬರನ್ನು ಕರೆದು ಯಂತ್ರವನ್ನು ಅವರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಸುಮ್ಮನೆ ನೋಡುವುದು ನಮ್ಮ ಪದ್ಧತಿ. ಇದೊಂದು ಇವತ್ತು ಬೇಡ ಎಂದುಕೊಂಡೆ. ಹೆತ್ತ ಕರುಳು, ಏನು ಮಾಡಲಿ? ಆದರೆ ಆ ದಿನ ಕರೆಸಿದ್ದ ಹಳೆಯ ಸೂಲಗಿತ್ತಿ ಗುರಸಿದ್ದವ್ವ ಆಗಲೇ ಬಂದು ಕೂತಿದ್ದರು. ಎಂಬತ್ತರ ಮುದುಕಿಯನ್ನು ಬಾಗಿಲಿಂದಲೇ ಕಳಿಸಲು ನಾಚಿಕೆಯಾಯಿತು.

"ಕೈ ನಡಗತೈತಿ ತಂಗಿ. ಒಂದ್ಸಲ ಒತ್ತಿದ್ರ ಎರಡ ಸಲ ಒತ್ತಿದಂಗ ಆಗತೈತಿ. ಇದಕ್ಕ ತಿಳೀತೈತೇನ?" ಎನ್ನುತ್ತಾ ಗುಂಡಿ ಒತ್ತಿದರು. ಅದಕ್ಕೆ ತಿಳಿಯಲಿಲ್ಲ. ಪರೀಕ್ಷೆಗೆ ಮಲಗಿಸಿದ್ದ ಗೊಂಬೆಗೆ ಎರಡು ಪಟ್ಟು ಔಷಧ ಹೋಯಿತು. ನಾವೆಲ್ಲ ಗಟ್ಟಿ ಬೆರಳಿನವರು, ಒಂದು ಒತ್ತು ಎರಡಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಸರಿಪಡಿಸಲು ಎರಡು ದಿನ ಹಿಡಿಯಿತು. ಅಷ್ಟು ಹೊತ್ತೂ ದಾದಿಯರು ಪಾಳಿಯ ಮೇಲೆ ಕೂತು ಕೈಯಿಂದಲೇ ಹನಿ ಹಾಕಿದರು. "ಯವ್ವಾ, ಅದು ನಿನ್ನ ಮೊಮ್ಮಗಳು, ನಿಮ್ಮ ಪರೀಕ್ಷಾದ ಗೊಂಬಿ ಅಲ್ಲ" ಎಂದು ಮಗಳು ಮುಖ ತಿರುಗಿಸಿದಳು. ನಾನು ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಮೂರನೆಯ ದಿನ ಗುರಸಿದ್ದವ್ವ ಮತ್ತೆ ಒತ್ತಿದರು, ಔಷಧ ಒಂದೇ ಪಟ್ಟು ಹೋಯಿತು. ಆಗ ಸಹಿ ಹಾಕಿದೆ. ಕೂಸು ಈಗ ಇಡೀ ಓಣಿಗೆ ಕೇಳುವಂತೆ ಅಳುತ್ತಾಳೆ. ಇಂದುಮತಿ ಎಂದು ಹೆಸರಿಟ್ಟವಳು ಬಸಲಿಂಗಮ್ಮನೇ.

ನಿಮ್ಮ ನೋಟುಬುಕ್ಕು ನಮ್ಮ ಮನೆಯಲ್ಲಿದೆ. ಪರೀಕ್ಷೆಗಳ ಪಟ್ಟಿಯ ಕೊನೆಗೆ, "ನಡುಗುವ ಕೈಗೆ ಕೊಟ್ಟು ನೋಡಬೇಕು, ಅಮ್ಮನನ್ನು ಕರೆತರುತ್ತೇನೆ" ಎಂದಿದೆ. ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ "ಎಲ್ಲರೂ ನಕ್ಕರು" ಎಂದು ಬರೆದಿದ್ದೀರಿ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಅದೇ ಸಾಲು ಮತ್ತೊಮ್ಮೆ ಇದೆ. ಗೀಟು ಎಳೆದು ಪೆನ್ನು ಕೆಳಗಿಟ್ಟು ನೀವು ಕೂತಿರುವ ಹೊತ್ತಿಗೆ ಈ ಕಾಗದ ತಲುಪಲಿ ಎಂದು ಬರೆಯುತ್ತಿದ್ದೇನೆ.

ಅಜ್ಜಿ, ನಗುವವರು ನಗಲಿ. ಆ ಪೆನ್ನು ಸಿಗದಿದ್ದರೆ ಯಾವುದಾದರೂ ಪೆನ್ನು ತಗೊಂಡು ಮತ್ತೆ ಬರೆಯಿರಿ. ನಾಳೆ ಒಳ್ಳೆಯ ಸೀರೆ ಉಟ್ಟುಕೊಂಡು ನಿಮ್ಮ ಜೊತೆ ಬರಲು ಅಮ್ಮನಿಗೆ ಹೇಳಿ. ನಮ್ಮ ಪದ್ಧತಿ ಹುಟ್ಟಿದ್ದೇ ನಿಮ್ಮ ಆ ಸಾಲಿನಿಂದ. ಅದು ಇಲ್ಲದೆ ಹೋಗಿದ್ದರೆ ಗುರಸಿದ್ದವ್ವ ಅವತ್ತು ನಮ್ಮ ಬಾಗಿಲಲ್ಲಿ ಕೂತಿರುತ್ತಿರಲಿಲ್ಲ, ನಾನು ಸಹಿ ಹಾಕಿಬಿಡುತ್ತಿದ್ದೆ.

ನಿಮ್ಮ
ನೀಲಗಂಗಾ